ನಿಂತ ಬಸ್ಸು ಮತ್ತು ಅನ್ನಪಾನನಿರೋಧ

ಸರಕಾರದ ಕೆಲಸ ನಿಂತಾಗ ಸರಕಾರಕ್ಕೆ ಇಷ್ಟು ನಷ್ಟವಾಯಿತೆಂದು ಹೇಳುವುದು ರೂಢಿ. ವ್ಯಾಪಾರಿಯಾದ ನನಗೆ ಬೇರೊಂದು ಪ್ರಶ್ನೆ ಏಳುತ್ತದೆ: ಆ ನಷ್ಟ ಕೊನೆಗೆ ಯಾರ ಖಾತೆಗೆ ಬಿತ್ತು? ನಿಲ್ಲಿಸಿದವರ ಖಾತೆಗೋ, ನಿಲ್ಲುವಂತೆ ಮಾಡಿದವರ ಖಾತೆಗೋ, ಅಥವಾ ಎರಡೂ ಪಕ್ಷಕ್ಕೆ ಸೇರದವರ ಖಾತೆಗೋ?

2021ರ ಏಪ್ರಿಲ್ 7ರಂದು ರಾಜ್ಯದ ಸಾರಿಗೆ ನೌಕರರು ಮುಷ್ಕರ ಹೂಡಿದರು. ಆರನೆಯ ವೇತನ ಆಯೋಗದಂತೆ ಸಂಬಳ ಬೇಕೆಂಬುದು ಅವರ ಮುಖ್ಯ ಬೇಡಿಕೆ. 2020ರ ಡಿಸೆಂಬರಿನಲ್ಲಿ ಬಸ್ಸು ನಿಂತಾಗ ಕೊಟ್ಟ ಭರವಸೆ ಪೂರ್ಣವಾಗಿ ಈಡೇರಿಲ್ಲವೆಂಬುದು ಅವರ ದೂರು. ಮುಷ್ಕರ 21ರವರೆಗೆ ನಡೆಯಿತು. ನಡುವೆ 13ರಂದು ಯುಗಾದಿ ಬಂದು ಹೋಯಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕೂ ಊರುಗಳಿಗೆ ರೈಲು ಇಲ್ಲ. ಕಿತ್ತೂರಿಗಾದರೂ ಹೆದ್ದಾರಿಯ ಆಸರೆಯಿದೆ. ರಾಮದುರ್ಗದ ಬಡ ರೋಗಿಗೆ ಸುಮಾರು ನೂರು ಕಿಲೋಮೀಟರು ದೂರದ ಬೆಳಗಾವಿಯ ಆಸ್ಪತ್ರೆ ತಲುಪಲು ಸರಕಾರಿ ಬಸ್ಸೇ ಗತಿ. ಖಾಸಗಿ ವಾಹನಗಳಿಗೆ ಅನುಮತಿ ದೊರೆಯಿತು, ನಿಜ. ಆದರೆ ಜನ ತುಂಬುವ ರಸ್ತೆಗೆ ಬರುವ ವಾಹನ ಒಳಹಳ್ಳಿಗೆ ಬರುವುದಿಲ್ಲ.

ನಮ್ಮ ಅಡತಿ ಅಂಗಡಿಯ ಹಮಾಲರಲ್ಲಿ ಮೂವರು ಸವದತ್ತಿ ಕಡೆಯ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬೈಲಹೊಂಗಲಕ್ಕೆ ಬರುವವರು. ಒಬ್ಬನು ಎರಡು ದಿನ ಟೆಂಪೋದಲ್ಲಿ ಬಂದನು. ಕೂಲಿಯ ಅರ್ಧ ಬಾಡಿಗೆಗೇ ಹೋಗುವುದನ್ನು ಕಂಡು ಅವನೂ ಬರುವುದನ್ನು ಬಿಟ್ಟನು. ನಾನು ಮೂವರ ಹೆಸರಿನ ಮುಂದೆ ‘ಗೈರು’ ಎಂದು ಬರೆದು ಕೂಲಿ ಕಡಿದೆ. ಹಬ್ಬದ ಮುನ್ನಾದಿನ ಒಬ್ಬನು ಯಾರದೋ ಸೈಕಲ್ ಏರಿ ಬಂದು ಹಣ ಕೇಳಿದಾಗ ಕೊಟ್ಟೆ; ಕೊಟ್ಟದ್ದನ್ನು ಮುಂಗಡವೆಂದು ಅವನ ಹೆಸರಿಗೇ ಬರೆದೆ. ನಾನು ಕಲಿತ ಲೆಕ್ಕಶಾಸ್ತ್ರದಲ್ಲಿ ಇದಕ್ಕೆ ಯಾವ ದೋಷವೂ ಇಲ್ಲ.

ಏಪ್ರಿಲ್ 25ರಂದು ಮಹಾವೀರ ಜಯಂತಿ. ವಾರಾಂತ್ಯದ ಕರ್ಫ್ಯೂ ಇದ್ದುದರಿಂದ ಮನೆಯಲ್ಲಿಯೇ ಸ್ವಾಧ್ಯಾಯಕ್ಕೆ ಕುಳಿತೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಎರಡು, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ: ಹೊರಲಾರದ ಹೊರೆ ಹೇರುವುದು, ಆಶ್ರಿತರ ಅನ್ನನೀರು ತಡೆಯುವುದು. ಇವನ್ನು ಗಾಡಿಯ ಎತ್ತಿಗೆ ಸಂಬಂಧಿಸಿದ ಮಾತೆಂದೇ ಬಹುಕಾಲ ಓದಿಕೊಂಡಿದ್ದೆ. ಅಂದು ಓದಿದಾಗ ಆ ಹದಿನೈದು ದಿನಗಳೆಲ್ಲ ಅದರಲ್ಲಿ ಕಂಡವು. ನೌಕರರ ದೂರು ಮೊದಲನೆಯದು. ಮುಷ್ಕರದಲ್ಲಿದ್ದವರ ಮಾರ್ಚ್ ತಿಂಗಳ ವೇತನ ತಡೆಹಿಡಿದು, ಅವರ ಮನೆಯವರು ಖಾಲಿ ತಟ್ಟೆ ಬಡಿಯುತ್ತ ಬೀದಿಗೆ ಬಂದದ್ದು ಎರಡನೆಯದು. ಬಸ್ಸನ್ನೇ ನಂಬಿದ ಕೂಲಿಕಾರನ ದಿನದ ಅನ್ನ ನಿಂತದ್ದೂ ಎರಡನೆಯದೇ. ಆ ಸಾಲಿನ ಕೊನೆಯಲ್ಲಿ ನನ್ನ ಖಾತೆಪುಸ್ತಕವೂ ಇತ್ತು.

ಹಾಗಾದರೆ ಹೊರೆ ಹೊತ್ತವನು ಕೆಲಸ ನಿಲ್ಲಿಸಲೇಬಾರದೆ? ಈ ಆಕ್ಷೇಪ ನ್ಯಾಯವಾದದ್ದು. ಉಪವಾಸಕ್ಕೂ ನಿರೋಧಕ್ಕೂ ಭೇದವಿದೆ: ಉಪವಾಸವು ತನ್ನ ಅನ್ನವನ್ನು ತಾನೇ ಬಿಡುವುದು, ನಿರೋಧವು ಇನ್ನೊಬ್ಬನ ಅನ್ನವನ್ನು ನಿಲ್ಲಿಸುವುದು. ಮುಷ್ಕರದಲ್ಲಿ ಎರಡೂ ಬೆರೆತಿವೆ, ಏಕೆಂದರೆ ಹೂಡಿದವನೂ ಸಂಬಳ ಕಳೆದುಕೊಳ್ಳುತ್ತಾನೆ. ಆದುದರಿಂದ ಅವನನ್ನೊಬ್ಬನನ್ನೇ ದೂಷಿಸಲಾಗದು. ಹೊರೆ ಇಳಿಸುವ ಶಕ್ತಿ ಯಾರಿಗಿದೆಯೋ ಅವರ ಹೊಣೆಯೇ ಹಿರಿದು. 2023ರ ಮಾರ್ಚ್ 1ರಂದು ರಾಜ್ಯ ಸರಕಾರಿ ನೌಕರರು ಅನಿರ್ದಿಷ್ಟ ಮುಷ್ಕರ ಆರಂಭಿಸಿದರು. ಅಂದೇ ಶೇಕಡಾ 17ರ ಮಧ್ಯಂತರ ಪರಿಹಾರದ ಆದೇಶ ಹೊರಟು ಮುಷ್ಕರ ಮುಗಿಯಿತು. ಅಂದು ಸಾಧ್ಯವಾದದ್ದು ಹಿಂದಿನ ದಿನವೇ ಸಾಧ್ಯವಾಗಿದ್ದರೆ ಶಾಲೆ, ಕಚೇರಿಗಳ ಬಾಗಿಲಿಗೆ ಬಂದ ಬಡವರು ಬರಿಗೈಯಲ್ಲಿ ಮರಳುತ್ತಿರಲಿಲ್ಲ.

ಇದು ನಮ್ಮ ನಾಡಿನ ದೋಷ ಮಾತ್ರವಲ್ಲ. ಅಮೆರಿಕದಲ್ಲಿ ಸಂಸತ್ತು ಹಣ ಮಂಜೂರು ಮಾಡದಿದ್ದರೆ ಸರಕಾರದ ಕಚೇರಿಗಳೇ ಮುಚ್ಚುತ್ತವೆ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಹೀಗಾಯಿತು. ಸುಮಾರು 4 ಕೋಟಿ 20 ಲಕ್ಷ ಜನರು ನಂಬಿದ್ದ ಆಹಾರ ನೆರವಿಗೂ ನವೆಂಬರಿನಲ್ಲಿ ಅಡ್ಡಿಯಾಯಿತು. ನಮ್ಮ ಸಂವಿಧಾನದಲ್ಲಿ ಲೇಖಾನುದಾನದ ವ್ಯವಸ್ಥೆಯಿರುವುದರಿಂದ ಆಯವ್ಯಯದ ಚರ್ಚೆ ಮುಗಿಯುವ ಮುನ್ನವೂ ಖರ್ಚಿಗೆ ಹಣ ದೊರೆಯುತ್ತದೆ. ಜಗಳ ಮುಗಿಯುವವರೆಗೆ ಒಲೆ ಆರಬಾರದೆಂಬ ವಿವೇಕ ಅದರಲ್ಲಿದೆ.

ಆ ವಿವೇಕ ನಮ್ಮ ಅಂಗಡಿಗೂ ಬಸದಿಯ ಟ್ರಸ್ಟಿಗೂ ಬೇಕು. ಅಡುಗೆಯವರು, ಕಸ ಗುಡಿಸುವವರು, ಕಾವಲುಗಾರರು ಮುಷ್ಕರ, ಬಂದ್, ಕರ್ಫ್ಯೂಗಳಿಂದ ಬರಲಾಗದ ದಿನ ‘ಗೈರು’ ಅಲ್ಲವೆಂದು ಟ್ರಸ್ಟುಗಳು ಠರಾವು ಮಾಡಲಿ. ಅದಕ್ಕಾಗಿ ವರ್ಷಕ್ಕೆ ಹದಿನೈದು ದಿನದ ಕೂಲಿಯನ್ನು ಬೇರೆ ತೆಗೆದಿರಿಸಲಿ. ಅದು ದಾನದ ಖಾತೆಗೆ ಸೇರಬೇಕಾದ ಹಣವಲ್ಲ, ನಿಯಮಿತ ಖರ್ಚಿಗೆ ಸೇರಬೇಕಾದದ್ದು.

ಮರುವಾರ ಆ ಮುಂಗಡವನ್ನು ಹೊಡೆದುಹಾಕಿ ಮೂವರ ಕೂಲಿಯನ್ನೂ ಪೂರ್ತಿ ಕೊಟ್ಟೆ. ಅವರು ಸಂತೋಷದಿಂದಲೇ ಸ್ವೀಕರಿಸಿದರು. ಆದರೆ ಯುಗಾದಿ ಆಗಲೇ ದಾಟಿಹೋಗಿತ್ತು.