ಅಷ್ಟಪದ ಮತ್ತು ಎಚ್ಚರ

ಅಷ್ಟಪದವೆಂಬ ಎಂಟು ಸಾಲಿನ ಮಣೆಯಾಟದಿಂದ ಬುದ್ಧ ದೂರವಿದ್ದನೆಂದು ಪಾಳಿಯ ಬ್ರಹ್ಮಜಾಲ ಸುತ್ತ ಹೇಳುತ್ತದೆ. ಅದು ಕೊಡುವ ಆಟಗಳ ಪಟ್ಟಿಯಲ್ಲಿ ಹತ್ತು ಸಾಲಿನದೂ ಇದೆ. ಇಂಥ ಆಟಗಳನ್ನು ಅದು ಪ್ರಮಾದದ, ಅಂದರೆ ಮೈಮರೆವಿನ, ನೆಲೆಗಳೆನ್ನುತ್ತದೆ. ಹಾಗಾದರೆ ಗೃಹಸ್ಥನಿಗೂ ಅವು ದೋಷವೇ? ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನಗಳು, ಪಕ್ಕದ ಕನಗನಹಳ್ಳಿಯಲ್ಲಿ ಮಹಾಸ್ತೂಪ ದೊರೆತಿರುವುದರಿಂದ ಈ ಪ್ರಶ್ನೆ ಭೀಮಾತೀರದ್ದೂ ಹೌದು. ಆದರೆ ಎಲ್ಲ ಆಟಗಳೂ ಒಂದೇ ಬಗೆಯವಲ್ಲ. ಹಳೆಯ ವಿಡಿಯೊ ಆಟಗಳಿಂದ ಪ್ರೇರಿತವಾಗಿ 2003ರಲ್ಲಿ ಬಂದ ಉಚಿತ ಗಣಕ ಆಟ ‘ಬ್ಯಾಟಲ್ ಫಾರ್ ವೆಸ್ನಾತ್’ ಹೊಡೆತದ ಫಲವನ್ನು ಅದೃಷ್ಟಕ್ಕೆ ಬಿಡುತ್ತದೆ. ಅಲ್ಲಿ ಎಚ್ಚರವಿದ್ದೂ ಸೋಲಬಹುದು. ಹುಲಿ-ಕುರಿ ಆಟ ಹಾಗಲ್ಲ. ಶಹಾಬಾದ್ ಕಲ್ಲಿನ ಹಾಸಿನ ಮೇಲೆ ಸುಣ್ಣದ ಗೆರೆ ಎಳೆದರೆ ಸಾಕು, ಕಾಸೂ ಬೇಡ, ಕವಡೆಯೂ ಬೇಡ. ಬಡಪಾಯಿ ಕುರಿಗಳು ಒಗ್ಗೂಡಿ ಹುಲಿಯ ದಾರಿ ಕಟ್ಟಬೇಕು. ಹಿಂದಿನ ಮನೆ ಖಾಲಿ ಬಿಟ್ಟ ಕುರಿಯನ್ನು ಹುಲಿ ಹಾರಿ ತಿನ್ನುತ್ತದೆ. ಮೈಮರೆವನ್ನು ಇಷ್ಟು ನೇರವಾಗಿ ತೋರಿಸಿಕೊಡುವ ಆಟವನ್ನು ಗೃಹಸ್ಥನಿಗೆ ದೋಷವೆನ್ನಲಾಗದು.