ತೂಕ ಇಳಿಯದಿದ್ದರೆ ತಪ್ಪು ಯಾರದು?

ತೂಕ ಇಳಿಸುವ ಕಾರ್ಯಕ್ರಮಗಳ ಲೆಕ್ಕಾಚಾರ ವಿಚಿತ್ರವಾದದ್ದು. ತೂಕ ಇಳಿದರೆ ಅದು ಕಾರ್ಯಕ್ರಮದ ಗೆಲುವು. ಮೊದಲಿನ ಫೋಟೊ, ಆಮೇಲಿನ ಫೋಟೊ ಎರಡೂ ಜಾಹೀರಾತಿಗೆ ಹೋಗುತ್ತವೆ. ಇಳಿಯದಿದ್ದರೆ, ಇಲ್ಲವೇ ಇಳಿದದ್ದು ಮತ್ತೆ ಏರಿದರೆ, ಅದು ಆ ಮನುಷ್ಯನ ಸೋಲು: ಬಾಯಿ ಕಟ್ಟಲಿಲ್ಲ, ಮನಸ್ಸು ಗಟ್ಟಿ ಮಾಡಲಿಲ್ಲ. ಮಿಕ್ಸಿ ಕೆಟ್ಟರೆ ಅಂಗಡಿಯವನನ್ನು ಕೇಳುತ್ತೇವೆ. ಇಲ್ಲಿ ಮಾತ್ರ ದುಡ್ಡು ಕೊಟ್ಟವರೇ ತಲೆ ತಗ್ಗಿಸುತ್ತಾರೆ.

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ಮಂಡಿನೋವಿಗೆ ತೋರಿಸಿಕೊಂಡ ಡಾಕ್ಟರು ಅಮ್ಮನಿಗೆ ಏಳೆಂಟು ಕೆಜಿ ಇಳಿಸಿ ಎಂದರು. ಅಮ್ಮ ಫೋನ್ ಮಾಡಿ, "ನೀನು ಓದ್ದೋಳು, ಯಾವ್ದು ಒಳ್ಳೇದು ಅಂತ ನೋಡಿ ಹೇಳು" ಎಂದಳು. ಪ್ರಬಂಧದ ಅಧ್ಯಾಯವನ್ನು ಪಕ್ಕಕ್ಕಿಟ್ಟು ಹುಡುಕಿದೆ. ಒಂದರಲ್ಲಿ ಸಂಜೆ ಏಳರೊಳಗೆ ಊಟ ಮುಗಿಯಬೇಕು. ಇನ್ನೊಂದರಲ್ಲಿ ಅನ್ನ, ಮುದ್ದೆ ಎರಡೂ ಇಲ್ಲ. ಮೂರನೆಯದರಲ್ಲಿ ಒಂದು ಹೊತ್ತಿನ ಊಟದ ಬದಲು ಡಬ್ಬಿಯ ಪುಡಿ. ಮೂರಕ್ಕೂ ಸಾಕ್ಷಿ ಹೇಳುವವರಿದ್ದರು.

ಅಧ್ಯಯನಗಳು ಹೇಳುವುದು ಬೇರೆ. 2005ರಲ್ಲಿ ಪ್ರಕಟವಾದ, ಬಾಸ್ಟನ್‌ನಲ್ಲಿ ನಡೆದ ಒಂದು ಅಧ್ಯಯನದಲ್ಲಿ 160 ಜನರನ್ನು ನಾಲ್ಕು ಹೆಸರಾಂತ ಪಥ್ಯಗಳಿಗೆ ಹಂಚಿದ್ದರು. ವರ್ಷದ ಕೊನೆಗೆ ಸರಾಸರಿ ಇಳಿಕೆ ನಾಲ್ಕರಲ್ಲೂ ಎರಡು ಮೂರು ಕೆಜಿಯ ಆಸುಪಾಸು. ಯಾವ ಪಥ್ಯ ಎನ್ನುವುದಕ್ಕಿಂತ ಎಷ್ಟು ನಿಷ್ಠೆಯಿಂದ ಪಾಲಿಸಿದರು ಎನ್ನುವುದರ ಮೇಲೆ ಇಳಿಕೆ ನಿಂತಿತ್ತು. 2018ರಲ್ಲಿ ಸ್ಟ್ಯಾನ್‌ಫರ್ಡ್‌ನವರು 609 ಜನರಲ್ಲಿ ಕೊಬ್ಬು ಕಡಿಮೆಯ ಪಥ್ಯವನ್ನೂ ಪಿಷ್ಟ ಕಡಿಮೆಯ ಪಥ್ಯವನ್ನೂ ಒಂದು ವರ್ಷ ಹೋಲಿಸಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಎಲ್ಲವೂ ಪಾಲಿಸುವವರ ಮೇಲಿದೆ, ಆರೋಪ ಸರಿಯಾಗೇ ಇದೆ ಅನ್ನಿಸಬಹುದು. ಪಾಲನೆ ಎಂದರೆ ಮನೋಬಲ ಎಂದುಕೊಂಡರೆ ಮಾತ್ರ ಅದು ಸರಿ. 1944ರ ಕೊನೆಯಲ್ಲಿ ಮಿನೆಸೊಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್, ಹಸಿವಿನ ಪರಿಣಾಮ ತಿಳಿಯಲು 36 ಯುವಕರ ಮೇಲೆ ಪ್ರಯೋಗ ಶುರುಮಾಡಿದರು. ಅವರೆಲ್ಲ ಯುದ್ಧದಲ್ಲಿ ಕೊಲ್ಲಲಾರೆವೆಂದು ಆತ್ಮಸಾಕ್ಷಿಯ ಕಾರಣಕ್ಕೆ ಸೈನ್ಯ ಸೇರದವರು. ದೇಶವೆಲ್ಲ ಒಂದು ಕಡೆ ಹೊರಟಾಗ ಇನ್ನೊಂದು ಕಡೆ ನಿಂತವರು. ಆರು ತಿಂಗಳ ಅರೆಹೊಟ್ಟೆ ಅವರನ್ನೂ ಬಗ್ಗಿಸಿತು. ಊಟವಲ್ಲದೆ ಬೇರೇನೂ ತಲೆಗೆ ಬರದಂತಾಯಿತು. ಕೆಲವರು ಅಡುಗೆ ಪುಸ್ತಕ ಓದುತ್ತ ಕೂತರು, ಕೆಲವರು ಕದ್ದು ತಿಂದರು. ಅವರು ಮೊದಲೇ ದಪ್ಪಗಿದ್ದವರಲ್ಲ ಎನ್ನುವುದು ನಿಜ. ಆದರೂ ಅವರನ್ನು ಮನೋಬಲ ಇಲ್ಲದವರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅರಿಸ್ಟಾಟಲ್ ನೀತಿಶಾಸ್ತ್ರದಲ್ಲಿ ಮಧ್ಯಮ ಪ್ರಮಾಣದ ಬಗ್ಗೆ ಹೇಳುವಾಗ ಉದಾಹರಣೆ ಕೊಡುವುದು ಊಟದ್ದನ್ನೇ. ಹತ್ತು ಮಿನಾ ತೂಕದ ಊಟ ಹೆಚ್ಚು, ಎರಡು ಕಡಿಮೆ ಎಂದಾದರೆ, ಆರು ಸರಿ ಎಂದು ಗರಡಿಯ ಗುರು ಎಲ್ಲರಿಗೂ ಹೇಳುವಂತಿಲ್ಲ. ಮಿಲೊನಂಥ ಜಟ್ಟಿಗೆ ಅದು ಸಾಲದು, ಗರಡಿಗೆ ಹೊಸದಾಗಿ ಬಂದವನಿಗೆ ಜಾಸ್ತಿ. ಸರಿಯಾದದ್ದು ಗಣಿತದ ನಡುವಿನಲ್ಲಿಲ್ಲ, ಉಣ್ಣುವವರಿಗೆ ಹೊಂದುವುದರಲ್ಲಿದೆ. ಇದಕ್ಕೆ ನಾನು ಸೇರಿಸುವುದು ಇಷ್ಟೇ: ಉಣ್ಣುವವರು ಒಂಟಿಯಾಗಿ ಉಣ್ಣುವುದಿಲ್ಲ.

ನಮ್ಮ ಮನೆಯಲ್ಲಿ ಅಪ್ಪ ಉಣ್ಣುವುದು ಒಂಬತ್ತೂವರೆಗೆ. ಅಮ್ಮ ಎಲ್ಲರಿಗೂ ಬಡಿಸಿ ಆಮೇಲೆ ಕೂರುತ್ತಾಳೆ. ಪಾತ್ರೆಯಲ್ಲಿ ಉಳಿದದ್ದನ್ನು ಚೆಲ್ಲಬಾರದೆಂದು ತಾನೇ ಮುಗಿಸುತ್ತಾಳೆ. ಏಳಕ್ಕೆ ಊಟ ಮುಗಿಸಿ ಎನ್ನುವ ಕಾರ್ಯಕ್ರಮಕ್ಕೆ ಈ ಮನೆ ಕಾಣುವುದಿಲ್ಲ. ಅಮ್ಮ ಅದನ್ನು ಹದಿನೈದು ದಿನಕ್ಕೆ ಬಿಟ್ಟರೆ ಅದನ್ನು ಚಪಲ ಎಂದು ಕರೆಯುವುದು ಅನ್ಯಾಯ.

ಹಾಗೆಂದು ಅಮ್ಮನ ಪಾಲಿನ ಹೊಣೆ ಇಲ್ಲವೆಂದಲ್ಲ. ನಡೆಯಬೇಕಾದವಳು ಅವಳೇ, ತಟ್ಟೆಗೆ ಎಷ್ಟು ಎಂದು ತೀರ್ಮಾನಿಸಬೇಕಾದವಳೂ ಅವಳೇ. ಆದರೆ ಅವಳ ಕೈಯಲ್ಲಿಲ್ಲದ್ದಕ್ಕೆ ಅವಳನ್ನು ಹೊಣೆ ಮಾಡಿದರೆ ಕೈಯಲ್ಲಿರುವುದನ್ನೂ ಬಿಟ್ಟುಬಿಡುತ್ತಾಳೆ. ನಾಚಿಕೆಯಾದವರು ಮತ್ತೆ ಡಾಕ್ಟರ ಮುಂದೆ ಹೋಗಿ ಕೂರುವುದು ಕಷ್ಟ.

ಕೊನೆಗೆ ಮೂರರಲ್ಲಿ ಯಾವುದನ್ನೂ ಹೇಳಲಿಲ್ಲ. ಡಾಕ್ಟರು ಹೇಳಿದ ವ್ಯಾಯಾಮ, ಮುದ್ದೆ ಇದ್ದ ಹೊತ್ತು ಅನ್ನ ಬೇಡ, ತಟ್ಟೆಯಲ್ಲಿ ಪಲ್ಯ ಜಾಸ್ತಿ: ಇಷ್ಟು ಅಮ್ಮನಿಗೆ. ರಾತ್ರಿ ಊಟ ಎಂಟಕ್ಕೆ ಎನ್ನುವ ನಿಯಮ ಅಪ್ಪನಿಗೆ. ಉಳಿದದ್ದು ಯಾರ ಹೊಟ್ಟೆಗೂ ಅಲ್ಲ, ಫ್ರಿಜ್ಜಿಗೆ ಎನ್ನುವುದು ಎಲ್ಲರಿಗೂ. ಅಪ್ಪ ಒಂದು ವಾರ ಗೊಣಗಿದರು.

ಕಾರ್ಯಕ್ರಮ ಆರಿಸುವಾಗ ಎಷ್ಟು ದಿನಕ್ಕೆ ಎಷ್ಟು ಕೆಜಿ ಎಂದು ಕೇಳುತ್ತೇವೆ. ಇದು ಮುರಿದುಬಿದ್ದ ದಿನ ಯಾರನ್ನು ಬೈಯುತ್ತದೆ ಎಂದೂ ಕೇಳಬೇಕು. ನಮ್ಮೊಬ್ಬರನ್ನೇ ಎಂದಾದರೆ ಅದು ಬೇಡ.