ಪಟ್ಟಿಯಿಂದ ಹೊಡೆದ ಹೆಸರುಗಳು

ಎಂಟು ದಿನಗಳಲ್ಲಿ ಗ್ರೀಸ್ ದೇಶವನ್ನು ನೋಡಿಬರುತ್ತೇನೆಂದು ಹೊರಟವನ ಫಜೀತಿಯನ್ನು ಏನೆಂದು ಹೇಳಲಿ! ಊಟದ ಮೇಜಿನ ಮೇಲೆ ಭೂಪಟವನ್ನು ಹರಡಿಕೊಂಡು, ಹಾಳೆಯೊಂದರಲ್ಲಿ ನೋಡಲೇಬೇಕಾದ ಊರುಗಳನ್ನು ಬರೆಯುತ್ತ ಹೋದೆ. ಅಥೆನ್ಸ್, ಡೆಲ್ಫಿ, ಒಲಿಂಪಿಯಾ, ಮೈಸೀನೆ, ಎಪಿಡಾರಸ್, ಮ್ಯಾರಥಾನ್, ಸಲಾಮಿಸ್, ಥೀಬ್ಸ್, ಕ್ರೀಟ್ ದ್ವೀಪದ ನಾಸಸ್ ಎಂದು ಬರೆಯುತ್ತಿದ್ದಂತೆ ಪಟ್ಟಿ ಹತ್ತೊಂಬತ್ತಕ್ಕೆ ಮುಟ್ಟಿತು. ಕನ್ನಡ ಮೇಷ್ಟರಿಗೆ ಗ್ರೀಸಿನ ಹುಚ್ಚೇಕೆ ಎಂದು ನೀವು ಕೇಳಬಹುದು. ಹುಚ್ಚು ಹಿಡಿಸಿದವರು ನಮ್ಮ ಬಿ. ಎಂ. ಶ್ರೀಕಂಠಯ್ಯನವರೇ. ಸೋಫೊಕ್ಲೀಸನ ‘ಏಜಾಕ್ಸ್’ ಅವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ಈಸ್ಕಿಲಸನ ನಾಟಕ ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ಬಂತು. ಇವುಗಳ ಪಾಠ ಹೇಳುವಾಗ, ಕಾಣದ ಅಥೆನ್ಸನ್ನು ಕಂಡವನಂತೆ ವರ್ಣಿಸಿ, ಎಷ್ಟು ತಂಡ ಹುಡುಗರಿಗೆ ಸುಳ್ಳು ಹೇಳಿದ್ದೇನೋ! ಆ ಋಣವನ್ನು ಒಮ್ಮೆ ತೀರಿಸಬೇಕಿತ್ತು. ಎರಡನೆಯ ಬಾರಿ ಹೋಗುವಷ್ಟು ಹಣ ಮೇಷ್ಟರ ಕೈಯಲ್ಲಿ ಕೂಡುವುದಿಲ್ಲ. ಆದ್ದರಿಂದ ಆಯ್ಕೆ ತಪ್ಪಬಾರದು.

ಪಟ್ಟಿಯನ್ನು ನನ್ನ ಹೆಂಡತಿ ಒಮ್ಮೆ ಓದಿದಳು. “ಅಲ್ಲಾ ರೀ, ಇದರಲ್ಲಿರೋದೆಲ್ಲ ಸತ್ತವರ ಊರೇ ಆಯಿತಲ್ಲ! ಆ ದೇಶದಲ್ಲಿ ಈಗ ಯಾರೂ ಇಲ್ಲವೇ?” ಎಂದಳು.

ಸತ್ತವರನ್ನು ನೋಡಲೆಂದೇ ಹೋಗುತ್ತಿರುವುದು ಎಂದು ನಾನು ಸ್ವಲ್ಪ ಗಡುಸಾಗಿಯೇ ಉತ್ತರ ಕೊಟ್ಟೆ. ನನ್ನ ಪಕ್ಷಕ್ಕೆ ದೊಡ್ಡ ಸಾಕ್ಷಿಯೂ ಇತ್ತು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಪಾಸೇನಿಯಸ್ ಎಂಬಾತ ಆ ದೇಶವನ್ನೆಲ್ಲ ಸುತ್ತಿ, ಹತ್ತು ಸಂಪುಟಗಳ ಪ್ರವಾಸ ಗ್ರಂಥವನ್ನು ಬರೆದ. ಅವನಿಗೂ ತನ್ನ ಕಾಲದ ಕಟ್ಟಡಗಳಲ್ಲಿ ಅಷ್ಟಾಗಿ ಆಸಕ್ತಿಯಿರಲಿಲ್ಲ. ಐನೂರು, ಆರುನೂರು ವರ್ಷ ಹಳೆಯದಾದ ಗುಡಿಯೋ ವಿಗ್ರಹವೋ ಸಿಕ್ಕಿದರೆ ಮಾತ್ರ ಅವನ ಲೇಖನಿಗೆ ಉತ್ಸಾಹ. ಅಂಥವನೇ ಹಾಗೆ ಮಾಡಿರುವಾಗ ನನ್ನದೇನು?

ಹೆಸರುಗಳನ್ನು ಹೊಡೆಯುವ ಕೆಲಸ ಆರಂಭವಾಯಿತು. ಕ್ರೀಟ್ ಮೊದಲು ಹೋಯಿತು. ಒಲಿಂಪಿಯಾ ದೂರವೆಂದು ಬಿಟ್ಟೆ; ಥೀಬ್ಸಿನಲ್ಲಿ ಈಡಿಪಸನ ಹೆಸರಷ್ಟೇ ಸಿಕ್ಕೀತೆಂದು ಅದನ್ನೂ ಬಿಟ್ಟೆ. ಬಿಟ್ಟವುಗಳ ವಿಷಯದಲ್ಲಿ ಈಗಲೂ ನನಗೆ ಅಂಥ ಪಶ್ಚಾತ್ತಾಪವಿಲ್ಲ. ಕಾಡಿದುವೆಂದರೆ, ನನ್ನ ಪಟ್ಟಿಗೆ ಬಾರದೇ ಹೋದ ಹೆಸರುಗಳು.

ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡವನ್ನು ಹತ್ತಿದವರಿಗೆ ಕಾಣುವುದು ಬೋಳುಬಂಡೆ, ಅದರ ಮೇಲೆ ಪಾರ್ಥೆನಾನ್ ಮತ್ತು ಅದರ ಓರಗೆಯ ಎರಡು ಮೂರು ಕಟ್ಟಡಗಳು. ಪೆರಿಕ್ಲೀಸನ ಕಾಲದಿಂದಲೂ ಅದು ಹೀಗೆಯೇ ಗಾಳಿಬಿಸಿಲಿಗೆ ಮೈಯೊಡ್ಡಿ ನಿಂತಿದೆಯೆಂದು ತೋರುತ್ತದೆ. ಹಾಗೇನೂ ಇಲ್ಲ. ಕ್ರಿ. ಪೂ. 447ರಿಂದ 432ರವರೆಗೆ ಕಟ್ಟಿದ ಆ ಮಂದಿರದಲ್ಲಿ ಮೊದಲು ಅಥೀನಾ ದೇವಿ ಇದ್ದಳು. ಬಳಿಕ ಒಂಬೈನೂರು ವರ್ಷಗಳಷ್ಟು ಕಾಲ ಅದು ಕ್ರೈಸ್ತರ ಇಗರ್ಜಿ. ತುರ್ಕರು ಬಂದ ಮೇಲೆ ಮಸೀದಿ. 1687ರಲ್ಲಿ ತುರ್ಕರು ಒಳಗೆ ಮದ್ದುಗುಂಡು ತುಂಬಿಟ್ಟಿದ್ದಾಗ ವೆನಿಸ್ಸಿನವರ ಗುಂಡು ಬಿದ್ದು ಸಿಡಿದುಹೋಯಿತು. ಗುಡ್ಡದ ಮೇಲೆ ಮನೆಗಳ ಒಂದು ಕೇರಿಯೇ ಇತ್ತು; ಪಶ್ಚಿಮದವರು ಮಧ್ಯಯುಗದಲ್ಲಿ ಕಟ್ಟಿದ ಎತ್ತರದ ಗೋಪುರವೊಂದಿತ್ತು. ಗ್ರೀಸ್ ಸ್ವತಂತ್ರವಾಗಿ, 1834ರಲ್ಲಿ ಅಥೆನ್ಸ್ ರಾಜಧಾನಿಯಾದ ಮೇಲೆ, ಇವನ್ನೆಲ್ಲ ಒಂದೊಂದಾಗಿ ಕೆರೆದು ತೆಗೆದರು. ಗೋಪುರ ಬಿದ್ದದ್ದು 1875ರಲ್ಲಿ. ಸುಮಾರು ಎರಡು ಸಾವಿರ ವರ್ಷಗಳಷ್ಟು ಬಾಳನ್ನು ತಳ್ಳಿಹಾಕಿ, ಒಂದು ಶತಮಾನವನ್ನು ಉಳಿಸಿಕೊಂಡರು. ನಾನು ಊಟದ ಮೇಜಿನ ಮೇಲೆ ಪೆನ್ಸಿಲಿನಿಂದ ಮಾಡಿದ್ದನ್ನು ಅವರು ಹಾರೆಯಿಂದ ಮಾಡಿದ್ದರು.

ಮಾರನೆಯ ದಿನ ಗುಡ್ಡದ ಕೆಳಗಿನ ಅಗೋರಾಕ್ಕೆ ಹೋದೆವು. ಸಾಕ್ರೆಟಿಸ್ ಓಡಾಡಿದ ಪೇಟೆ ಅದು. ಆಲಿವ್ ಮರಗಳ ನೆರಳಿನಲ್ಲಿ ಕೂತು ಪುಸ್ತಕ ತೆರೆದರೆ, ಅಲ್ಲಿ ವ್ರಿಸಾಕಿ ಎಂಬ ಮೊಹಲ್ಲಾ ಇತ್ತೆಂದೂ, ಅಮೆರಿಕದ ವಿದ್ವಾಂಸರು 1931ರಲ್ಲಿ ಅಗೆತ ಶುರುಮಾಡಿದಾಗ ಮುನ್ನೂರಕ್ಕೂ ಹೆಚ್ಚು ಮನೆಗಳನ್ನು ಕೊಂಡು ಕೆಡವಬೇಕಾಯಿತೆಂದೂ ಓದಿದೆ. ಸಾವಿರಾರು ಜನ ಬೇರೆ ಕಡೆ ಹೋದರು. ಕೆಡವದಿದ್ದರೆ ಪ್ರಜಾಪ್ರಭುತ್ವದ ತೊಟ್ಟಿಲೆನ್ನುವ ಆ ಜಾಗವನ್ನು ನಾವು ಕಾಣುತ್ತಿರಲಿಲ್ಲ. ಯಾರನ್ನು ಗಡೀಪಾರು ಮಾಡಬೇಕೆಂದು ಪೌರರು ಹೆಸರು ಗೀಚಿಕೊಟ್ಟ ಆ ಮಡಕೆಯ ಚೂರುಗಳು ನೆಲದಲ್ಲೇ ಇರುತ್ತಿದ್ದುವು. ಇದನ್ನು ನಾನು ಅಲ್ಲಗಳೆಯಲಾರೆ. ಆದರೂ ಪುಸ್ತಕ ಮುಚ್ಚಿದ ಮೇಲೆ ನನ್ನ ಮನಸ್ಸು ಹೋದದ್ದು ಹಂಪೆಗೆ.

ವಿರೂಪಾಕ್ಷ ದೇವಾಲಯದೆದುರಿನ ಬಜಾರಿನ ಕಲ್ಲುಮಂಟಪಗಳಲ್ಲಿ ಬಹುಕಾಲದಿಂದ ಜನ ಮನೆ ಮಾಡಿಕೊಂಡಿದ್ದರು, ಅಂಗಡಿ ಇಟ್ಟುಕೊಂಡಿದ್ದರು. 2011ರ ಜುಲೈಯಲ್ಲಿ ಅವನ್ನು ತೆರವು ಮಾಡಿದರು. ಸುದ್ದಿ ಓದಿ “ಕೊನೆಗೂ ಒಂದು ಒಳ್ಳೆಯ ಕೆಲಸವಾಯಿತು” ಎಂದವನು ನಾನು. ಕಂಬಗಳಿಗೆ ಮೊಳೆ ಹೊಡೆದದ್ದು, ಒಲೆಯ ಮಸಿ ಹತ್ತಿದ್ದು ಇವೆಲ್ಲ ಸುಳ್ಳಲ್ಲ. ಮರುವರ್ಷ ಹುಡುಗರನ್ನು ಕರೆದುಕೊಂಡು ಹೋದಾಗ, ಮಂಟಪದ ಸಾಲು ಈಗ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿರೆಂದು ಭಾಷಣವನ್ನೂ ಮಾಡಿದೆ. ಅದಕ್ಕೆ ಎರಡು ವರ್ಷ ಮುಂಚೆ ಅದೇ ಸಾಲಿನಲ್ಲಿ ಇಡ್ಲಿ ಮಾರುತ್ತಿದ್ದ ಹೆಂಗಸೊಬ್ಬಳು, ಜ್ವರ ಬಂದ ನಮ್ಮ ಹುಡುಗನೊಬ್ಬನನ್ನು ಒಳಗೆ ಮಲಗಿಸಿ, ಗಂಜಿ ಕಾಯಿಸಿ ಕೊಟ್ಟಿದ್ದಳು. ದುಡ್ಡು ಕೊಡಹೋದರೆ “ಹುಡುಗ ಆರಾಮಾಗ್ಲಿ, ತಗೊಳ್ರಿ ಸರ, ರೊಕ್ಕ ಒಳಗ ಇಟ್ಕೊಳ್ರಿ” ಎಂದಿದ್ದಳು. ಆಕೆ ಎಲ್ಲಿಗೆ ಹೋದಳೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಬೇಕೆಂದು ತೋರಲೂ ಇಲ್ಲ. ಅದು ತೋರಿದ್ದು ಇಷ್ಟು ವರ್ಷಗಳಾದ ಮೇಲೆ, ಅಥೆನ್ಸಿನ ಮರದ ನೆರಳಿನಲ್ಲಿ.

ಹಳೆಯದನ್ನು ಪ್ರೀತಿಸುವವರೆಲ್ಲ ಹೀಗೆಯೇ ಎಂದಲ್ಲ. ಕ್ರಿ. ಪೂ. 480ರಲ್ಲಿ ಪಾರಸಿಕರು ಅಕ್ರೊಪೊಲಿಸ್ಸಿನ ಗುಡಿಗಳನ್ನು ಸುಟ್ಟರು. ಅಥೆನ್ಸಿನವರು ಆ ಗುಡಿಗಳ ಕಂಬದ ಗುಂಡುಗಳನ್ನು ಗುಡ್ಡದ ಉತ್ತರದ ಗೋಡೆಯಲ್ಲಿ ಸಾಲಾಗಿ ಸೇರಿಸಿ ಕಟ್ಟಿದರು. ಅಗೋರಾದಿಂದ ತಲೆಯೆತ್ತಿದರೆ ಅವು ಇಂದಿಗೂ ಕಾಣುತ್ತವೆ. ಅದೇ ವರ್ಷ ಸಲಾಮಿಸಿನ ಸಮುದ್ರದಲ್ಲಿ ಶತ್ರುಗಳ ಹಡಗುಗಳನ್ನು ಮುಳುಗಿಸಿದರು. ಎಂಟೇ ವರ್ಷಗಳ ಅನಂತರ ಈಸ್ಕಿಲಸ್ ಆ ಯುದ್ಧವನ್ನು ಕುರಿತು ನಾಟಕ ಬರೆದಾಗ, ರಂಗದ ಮೇಲೆ ತಂದದ್ದು ಗೆದ್ದ ಗ್ರೀಕರನ್ನಲ್ಲ, ಪಾರಸಿಕರ ರಾಜಮಾತೆಯನ್ನು, ಅವಳ ದುಃಖವನ್ನು. ಮನೆಮಠ ಸುಡಿಸಿಕೊಂಡ ಜನ ಕೂತು ಶತ್ರುವಿನ ಗೋಳನ್ನು ಕೇಳಿದರು. ಅವನಿಗೆ ಬಹುಮಾನವನ್ನೂ ಕೊಟ್ಟರು. ಆಯ್ಕೆಯೆಂದರೆ ಹೀಗೂ ಇರಬಹುದಲ್ಲ!

ಸಲಾಮಿಸ್ ಪಟ್ಟಿಯಲ್ಲಿ ಉಳಿದದ್ದು ಆ ನಾಟಕದ ದೆಸೆಯಿಂದ. ಪೆರಾಮಾ ಎಂಬಲ್ಲಿ ದೋಣಿ ಹತ್ತಿದೆವು. ಹಡಗು ರಿಪೇರಿ ಮಾಡುವ ಕಟ್ಟೆಗಳು, ಕ್ರೇನುಗಳು, ತುಕ್ಕಿನ ವಾಸನೆ, ಕೆಲಸ ಮುಗಿಸಿ ಮನೆಗೆ ಹೋಗುವ ಜನ. ಪ್ರವಾಸಿಗಳೆಂದರೆ ನಾವಿಬ್ಬರೇ. ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ಕೂತ ಮುದುಕಿ ನನ್ನ ಹೆಂಡತಿಯ ಸೀರೆಯ ಸೆರಗನ್ನು ಮುಟ್ಟಿನೋಡಿ ಏನೋ ಹೇಳಿದಳು. ಇವಳೂ ಕನ್ನಡದಲ್ಲಿ ಏನೋ ಹೇಳಿದಳು. ದಡ ಮುಟ್ಟುವ ತನಕ ಇಬ್ಬರ ಮಾತೂ ನಿಲ್ಲಲಿಲ್ಲ. ಕ್ಸೆರ್ಕ್ಸಿಸ್ ಎಲ್ಲಿ ಕೂತು ತನ್ನ ನೌಕಾಬಲದ ನಾಶವನ್ನು ನೋಡಿದನೆಂದು ನಾನು ಗುಡ್ಡಗಳಲ್ಲಿ ಹುಡುಕುತ್ತಿದ್ದೆ.

ಕೊನೆಯ ದಿನ ಸೂನಿಯನ್ ಭೂಶಿರಕ್ಕೆ ಹೋದೆವು. ಸಮುದ್ರದೇವತೆ ಪೊಸೈಡನ್ನನ ಗುಡಿಯ ಬಿಳಿಯ ಕಂಬಗಳು, ಅವುಗಳಲ್ಲೊಂದರ ಮೇಲೆ ಕೆತ್ತಿದ ಬೈರನ್ ಕವಿಯ ಹೆಸರು, ಸೂರ್ಯಾಸ್ತ. ಅದು ಪ್ರಸಿದ್ಧ ನೋಟ. ಬಂದವರೆಲ್ಲ ಪಶ್ಚಿಮಕ್ಕೆ ಮುಖಮಾಡಿ ಕ್ಯಾಮರಾ ಹಿಡಿದು ನಿಂತಿದ್ದರು. ಅವರ ಬೆನ್ನ ಹಿಂದೆ, ಪೂರ್ವದ ಕಡೆ ನೀರಿನಲ್ಲಿ, ಉದ್ದಕ್ಕೆ ಬೋಳಾಗಿ ಮಲಗಿದ್ದ ದ್ವೀಪ ಮ್ಯಾಕ್ರೊನಿಸೋಸ್. ಅಂತರ್ಯುದ್ಧದ ಕಾಲದಲ್ಲಿ, 1947ರಿಂದ, ಎಡಪಂಥೀಯರೆಂಬ ಗುಮಾನಿಗೆ ಸಿಕ್ಕಿದ ಸೈನಿಕರನ್ನೂ ಸಾಮಾನ್ಯರನ್ನೂ ಅಲ್ಲಿ ಕೂಡಿಹಾಕಿ, ಹಿಂಸೆ ಕೊಟ್ಟು, ತಪ್ಪೊಪ್ಪಿಗೆಗೆ ರುಜು ಹಾಕಿಸುತ್ತಿದ್ದರು. ಯಾನಿಸ್ ರಿಟ್ಸೋಸ್ ಎಂಬ ದೊಡ್ಡ ಕವಿ ಅಲ್ಲಿ ಸೆರೆಯಲ್ಲಿದ್ದ. ದೇಶಭಕ್ತಿ ಕಲಿಸಲೆಂದು ಕೈದಿಗಳ ಕೈಯಲ್ಲಿ ಕಲ್ಲು ಹೊರಿಸಿ ಪಾರ್ಥೆನಾನಿನ ಪುಟ್ಟ ಪ್ರತಿಕೃತಿಗಳನ್ನು ಕಟ್ಟಿಸಿದರು.

ನನ್ನ ಹತ್ತೊಂಬತ್ತು ಹೆಸರುಗಳಲ್ಲಿ ಅದಿರಲಿಲ್ಲ. ಹೆಂಡತಿಗೆ ಕೈತೋರಿಸಿ ಇಷ್ಟನ್ನು ಹೇಳಿದೆ. ಸೂರ್ಯ ಆಗಷ್ಟೇ ನೀರಿಗೆ ತಾಕುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಅವಳು ಅತ್ತ ತಿರುಗಲಿಲ್ಲ. ದ್ವೀಪದ ಮೇಲಿನ ಬೆಳಕು ಆರುವವರೆಗೆ ಪೂರ್ವಕ್ಕೇ ನೋಡುತ್ತ ನಿಂತು, “ಅಲ್ಲಿಗೆ ದೋಣಿ ಹೋಗುತ್ತದೆಯೇ ಕೇಳಿ” ಎಂದಳು. ನಮ್ಮ ವಿಮಾನ ಮರುದಿನ ಬೆಳಿಗ್ಗೆ ಹೊರಡುವುದಿತ್ತು.